ಹಾಸನದ ಹೊರವಲಯದಲ್ಲಿ ಮನೆ ಕೊಳ್ಳುವವರು ಬಡಾವಣೆ ನೋಡುವ ಬಗೆ

ಮನೆ ನೋಡಲು ಹೋದವರು ಸಾಮಾನ್ಯವಾಗಿ ಬಾಗಿಲ ದಿಕ್ಕು ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ, ಟೈಲ್ಸು ಮುಟ್ಟಿ ನೋಡುತ್ತಾರೆ. ಟೈಲ್ಸು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಆದರೆ 20 ಅಡಿ ರಸ್ತೆಯನ್ನು 30 ಅಡಿ ಮಾಡಲು, ಗದ್ದೆ ತಗ್ಗನ್ನು ದಿಣ್ಣೆ ಮಾಡಲು, ಮಾರಬಾರದ ಜಮೀನಿನ ಕಾಗದ ತಿದ್ದಲು ಯಾವ ಮೇಸ್ತ್ರಿಯಿಂದಲೂ ಆಗುವುದಿಲ್ಲ. ಅದಕ್ಕೇ ಹಾಸನದ ಸುತ್ತ ಮನೆ ಹುಡುಕುವವರು ಮೊದಲು ನೆಲ, ನೀರು, ರಸ್ತೆ, ಕಾಗದ ನೋಡಬೇಕು. ಮನೆಯ ಒಳಗೆ ಕಾಲಿಡುವುದು ಇಷ್ಟೆಲ್ಲ ಆದ ಮೇಲೆ.

ಯಾವ ರಸ್ತೆಯ ಕಡೆ?

ಹಾಸನ ಬೆಳೆಯುತ್ತಿರುವುದು ಊರಿಂದ ಹೊರಡುವ ರಸ್ತೆಗಳ ಗುಂಟ: ಬಿ.ಎಂ. ರಸ್ತೆ (ಬೆಂಗಳೂರು-ಮಂಗಳೂರು ಹೆದ್ದಾರಿ), ಸಾಲಗಾಮೆ ರಸ್ತೆ, ಬೇಲೂರು ರಸ್ತೆ, ಅರಸೀಕೆರೆ ರಸ್ತೆ, ಹೊಳೆನರಸೀಪುರ ರಸ್ತೆ, ಗೊರೂರು-ಅರಕಲಗೂಡು ಕಡೆ. ಬೆಲೆ ವಿಚಾರಿಸುವ ಮುಂಚೆ ನಿಮ್ಮ ಮನೆಯವರು ದಿನಾ ಹೋಗಬೇಕಾದ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಕ್ಕಳ ಶಾಲೆ, ಇಬ್ಬರ ಕೆಲಸ, ಅಪ್ಪ-ಅಮ್ಮನಿಗೆ ಆಸ್ಪತ್ರೆ, ಬಸ್ ಸ್ಟ್ಯಾಂಡು ಎಲ್ಲ ಇರಲಿ. ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ (ಎಂ.ಸಿ.ಎಫ್.) ಎರಡೂ ಸಾಲಗಾಮೆ ರಸ್ತೆಯಲ್ಲಿರುವುದರಿಂದ ಆ ಕಡೆ ಬಾಡಿಗೆದಾರರಿಗೆ ಕೊರತೆಯಿಲ್ಲ, ಬೆಲೆಯೂ ಅದಕ್ಕೆ ತಕ್ಕಂತೆ. ಬೆಂಗಳೂರಿಗೆ ಓಡಾಡುವವರಿಗೆ ಬಿ.ಎಂ. ರಸ್ತೆಯ ಪೂರ್ವ ಭಾಗ ಅನುಕೂಲ. ಅಲ್ಲಿ ಕೈಗಾರಿಕಾ ಪ್ರದೇಶವೂ ಇದೆ, ರಾತ್ರಿಯಿಡೀ ಲಾರಿಗಳ ಸದ್ದೂ ಇದೆ.

ಇನ್ನು ರೈಲು. ಹಾಸನ ಜಂಕ್ಷನ್‌ನಿಂದ ಅರಸೀಕೆರೆ, ಸಕಲೇಶಪುರದ ಮೂಲಕ ಮಂಗಳೂರು, ಹೊಳೆನರಸೀಪುರದ ಮೂಲಕ ಮೈಸೂರು, 2017ರಿಂದ ಶ್ರವಣಬೆಳಗೊಳ-ಕುಣಿಗಲ್ ಮೂಲಕ ಬೆಂಗಳೂರು, ಹೀಗೆ ಹಳಿಗಳು ಹರಡಿವೆ. ನೀವು ನೋಡುತ್ತಿರುವ ಬಡಾವಣೆಗೂ ಪೇಟೆಗೂ ನಡುವೆ ಹಳಿ ಬರುತ್ತದೆಯೇ, ಬಂದರೆ ದಾಟುವುದು ಗೇಟಿನಲ್ಲೋ, ಮೇಲ್ಸೇತುವೆಯಲ್ಲೋ, ಕೆಳಸೇತುವೆಯಲ್ಲೋ ನೋಡಿ. ಗೇಟಾದರೆ ಶಾಲೆಯ ಹೊತ್ತಿಗೆ ಕಾಯಬೇಕು. ಕೆಳಸೇತುವೆಯಾದರೆ ಜೋರು ಮಳೆಗೆ ನೀರು ನಿಂತು ದಾರಿಯೇ ಬಂದ್.

ಏಜೆಂಟರು ಸೈಟು ತೋರಿಸುವುದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ. ನೀವು ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಎಂಟೂಕಾಲರಿಂದ ಒಂಬತ್ತೂಕಾಲರ ಒಳಗೆ ಆ ಬಡಾವಣೆಯಿಂದ ಶಾಲೆಯವರೆಗೆ ಸ್ಕೂಟರಿನಲ್ಲಿ ಹೋಗಿ ನೋಡಿ. ಹಳೇ ಊರಿನೊಳಗೆ, ಹಾಸನಾಂಬ ಗುಡಿಯ ಆಸುಪಾಸು ಮನೆ ನೋಡುತ್ತಿದ್ದರೆ ಇನ್ನೊಂದು ಲೆಕ್ಕ ಸೇರಿಸಿ. ಗುಡಿ ಬಾಗಿಲು ತೆರೆಯುವ ದೀಪಾವಳಿಯ ದಿನಗಳಲ್ಲಿ ಸುತ್ತಲ ಬೀದಿಗಳಿಗೆ ಬ್ಯಾರಿಕೇಡ್ ಬೀಳುತ್ತದೆ, ನಿಮ್ಮ ಕಾರು ನಿಮ್ಮ ಮನೆಗೇ ಬರುವುದಿಲ್ಲ.

ಬೂವನಹಳ್ಳಿ ವಿಮಾನ ನಿಲ್ದಾಣದ ಹೆಸರು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಲೇಔಟುಗಳ ಕರಪತ್ರದಲ್ಲಿದೆ. 'ಮುಂದೆ ಬರುತ್ತೆ' ಅನ್ನುವ ಯಾವುದಕ್ಕೂ ಇವತ್ತು ದುಡ್ಡು ಕೊಡಬೇಡಿ. ಇವತ್ತು ಇರುವ ರಸ್ತೆ, ಇವತ್ತು ಬರುವ ನೀರಿಗೆ ಮಾತ್ರ ಬೆಲೆ ಕಟ್ಟಿ.

ನೆಲ ಹಿಂದೆ ಏನಾಗಿತ್ತು?

ಹಾಸನದ ಸುತ್ತ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರಪಣಿಯಾಗಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ಎರಡು ಕೆರೆಗಳ ನಡುವಿನ ಆ ತಗ್ಗೇ ಹಿಂದಿನವರ ಗದ್ದೆಬಯಲು. ಊರು ಬೆಳೆದ ಹಾಗೆ ಅದೇ ಬಯಲಿಗೆ ಮಣ್ಣು ಹೊಡೆದು ಸೈಟು ಮಾಡಿದ್ದಾರೆ. ಹುಣಸಿನಕೆರೆ, ಚನ್ನಪಟ್ಟಣ ಕೆರೆ, ಸತ್ಯಮಂಗಲ ಕೆರೆಗಳ ಆಸುಪಾಸು ಮನೆ ನೋಡುವವರು ಕೇಳಬೇಕಾದ ಮೊದಲ ಪ್ರಶ್ನೆ: ಕೋಡಿ ಬಿದ್ದರೆ ನೀರು ಎತ್ತ ಹೋಗುತ್ತೆ? ಉತ್ತರ ಹಳಬರ ಬಾಯಲ್ಲೇ ಇರುತ್ತದೆ.

ಬಾಯಿಮಾತಿಗಿಂತ ಗಟ್ಟಿ ಸಾಕ್ಷಿ ಹಳೆಯ ಪಹಣಿ. ಸೈಟಾಗುವ ಮುಂಚೆ ಆ ಸರ್ವೆ ನಂಬರಿನ ಜಮೀನು ಖುಷ್ಕಿಯೋ, ತರಿಯೋ, ಬಾಗಾಯ್ತೋ ಅಂತ ಅದರಲ್ಲಿ ಬರೆದಿರುತ್ತದೆ. ಖುಷ್ಕಿ ಅಂದರೆ ಮಳೆಯಾಶ್ರಿತ ಹೊಲ, ತರಿ ಅಂದರೆ ಗದ್ದೆ, ಬಾಗಾಯ್ತು ಅಂದರೆ ತೋಟ. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಅದು ಯಾವ ಸರ್ವೆ ನಂಬರು, ಪಕ್ಕದಲ್ಲಿ ಕೆರೆ, ಹಳ್ಳ, ಖರಾಬು ಇದೆಯೇ ಅಂತ ತೋರಿಸುತ್ತದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಗಡಿಯ ವಿಚಾರದಲ್ಲಿ ಅದನ್ನೇ ನಂಬಿ ಕೂರಬೇಡಿ. ಅನುಮಾನ ಬಂದರೆ ಸರ್ವೆಯವರಿಂದ ಅಳತೆ ಮಾಡಿಸಬೇಕು.

ಖರಾಬಿನಲ್ಲಿ ಎರಡು ಬಗೆ. 'ಎ' ಖರಾಬು ಬಂಡೆಯಂಥ ಸಾಗುವಳಿಗೆ ಬಾರದ ಜಾಗ. 'ಬಿ' ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಸೈಟಿನ ಒಂದು ಮೂಲೆ 'ಬಿ' ಖರಾಬಿನ ಮೇಲೆ ಕೂತಿದ್ದರೂ ಮುಂದೆ ತೆರವಿನ ನೋಟಿಸು ಬರುವುದು ಮನೆ ಕೊಂಡವರಿಗೇ, ಲೇಔಟು ಮಾಡಿದವರಿಗಲ್ಲ.

ಗದ್ದೆ ಮೇಲಿನ ಸೈಟು ಕೊಳ್ಳಲೇಬಾರದು ಅಂತಲ್ಲ. ಆದರೆ ಪಾಯದ ಲೆಕ್ಕ ಬದಲಾಗುತ್ತದೆ. ಹೊಡೆದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಪಾಯ ಆ ತುಂಬು ಮಣ್ಣನ್ನು ದಾಟಿ ಕೆಳಗಿನ ಮೂಲ ನೆಲ ಮುಟ್ಟಬೇಕು. ಹಾಸನದ ಗಟ್ಟಿ ಕೆಂಪು ಮಣ್ಣಿನಲ್ಲಿ 4 ಅಡಿಗೆ ಮುಗಿಯುವ ಪಾಯ ಇಲ್ಲಿ 7-8 ಅಡಿಗೂ ಹೋಗಬಹುದು, ಮೇಲೆ ಪ್ಲಿಂತ್ ಬೀಮೂ (ಪಾಯದ ಮೇಲೆ ಸುತ್ತ ಹಾಕುವ ಕಾಂಕ್ರೀಟ್ ಪಟ್ಟಿ) ಬೇಕು. ಖಾಲಿ ಸೈಟಾದರೆ ಮಾಲೀಕರ ಒಪ್ಪಿಗೆ ಪಡೆದು ಒಂದು ಮೂಲೆಯಲ್ಲಿ 5 ಅಡಿ ಗುಂಡಿ ತೋಡಿಸಿ. ಗುಂಡಿಯ ಗೋಡೆ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಮೇಲೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು, ಬಣ್ಣಬಣ್ಣದ ಪದರ ಕಂಡರೆ ಅದು ತುಂಬಿದ ಮಣ್ಣು. ಅದರ ಕೆಳಗೆ ಕಪ್ಪಗೆ, ಅಂಟಂಟಾಗಿ ಬಂದದ್ದೇ ಹಳೆಯ ಗದ್ದೆ. ಆ ಮಣ್ಣಿನಲ್ಲಿ ಒಂದು ಹಿಡಿ ತೆಗೆದು ನೀರು ಹಾಕಿ ನಾದಿ, ಅಂಗೈಯಲ್ಲಿ ಬತ್ತಿಯ ಹಾಗೆ ಹೊಸೆಯಿರಿ. ಮುರಿಯದೆ ಸಣ್ಣ ಬತ್ತಿಯಾಗಿ ಉದ್ದಕ್ಕೆ ಬಂದರೆ ಜೇಡಿ ಜಾಸ್ತಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು ಅದು, ಮೇಲಿನ ಗೋಡೆಯನ್ನೂ ಜೊತೆಗೆ ಬಿರಿಸುತ್ತದೆ. ಪುಡಿಪುಡಿಯಾಗಿ ಉದುರಿದರೆ ಆ ಭಯ ಕಡಿಮೆ.

ಕಟ್ಟಿದ ಮನೆಯಾದರೆ ಗುಂಡಿ ತೋಡಲು ಬಿಡುವುದಿಲ್ಲ. ಆಗ ಬೀದಿಯ ಕಾಂಪೌಂಡುಗಳನ್ನು ನೋಡುತ್ತಾ ನಡೆಯಿರಿ. ಕಾಂಪೌಂಡಿಗೆ ಸಾಮಾನ್ಯವಾಗಿ ಆಳದ ಪಾಯ ಹಾಕಿರುವುದಿಲ್ಲವಾದ್ದರಿಂದ ನೆಲ ಕುಸಿದರೆ ಮೊದಲು ಬಿರಿಯುವುದು ಅದೇ. ಒಂದೇ ಬೀದಿಯಲ್ಲಿ ನಾಲ್ಕೈದು ಕಾಂಪೌಂಡು ವಾಲಿದ್ದರೆ, ಗೇಟುಗಳು ನೆಲಕ್ಕೆ ಉಜ್ಜುತ್ತಿದ್ದರೆ ಆ ಬೀದಿ ಬಿಡಿ. ಗೋಡೆಗಳ ಮೇಲೆ ನೆಲದಿಂದ ಒಂದೇ ಎತ್ತರಕ್ಕೆ ಕೆಸರಿನ ಗೆರೆ ಇದ್ದರೆ ಅಲ್ಲಿವರೆಗೆ ನೀರು ನಿಂತಿತ್ತು ಅಂತ ಲೆಕ್ಕ. ಹೊಸದಾಗಿ ಬಣ್ಣ ಬಳಿದಿದ್ದರೆ ವಿದ್ಯುತ್ ಕಂಬದ ಬುಡ ನೋಡಿ. ಅದಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ.

ಮಳೆಗಾಲದಲ್ಲಿ ಒಂದು ಸಲ ನೋಡಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಜುಲೈನ ಜಡಿಮಳೆ ತೋರಿಸುವುದು ಗೋಡೆಯ ತೇವವನ್ನು. ಬೀದಿಗೆ ನೀರು ನುಗ್ಗುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಮೇ ತಿಂಗಳ, ಅಕ್ಟೋಬರಿನ ಗುಡುಗು ಮಳೆಯಲ್ಲಿ, ಅರ್ಧ ಗಂಟೆಯಲ್ಲಿ ಸುರಿದು ಹೋಗುವಂಥದ್ದರಲ್ಲಿ. ಎರಡಕ್ಕೂ ಕಾಯಲು ಪುರುಸೊತ್ತಿಲ್ಲದಿದ್ದರೆ ಚರಂಡಿ ನೋಡಿ: ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ? ಎಷ್ಟೋ ಖಾಸಗಿ ಲೇಔಟುಗಳಲ್ಲಿ ಚರಂಡಿ ಲೇಔಟಿನ ಗಡಿಗೆ ಬಂದು ನಿಂತುಬಿಡುತ್ತದೆ. ಆಚೆ ಇನ್ನೊಬ್ಬರ ಹೊಲ, ಅವರು ಬದು ಹಾಕಿದ ದಿನ ನೀರು ವಾಪಸು ಬರುತ್ತದೆ. ಕೊನೆಯ ಸಾಲಿನ, ತಗ್ಗಿನ ಸೈಟು ಅಗ್ಗವಾಗಿರುವುದಕ್ಕೆ ಇದೇ ಕಾರಣ.

ಗಾಳಿಯನ್ನೂ ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಬಡಾವಣೆಯ ಪಶ್ಚಿಮಕ್ಕೆ ಕೋಳಿ ಫಾರಂ, ಕಸದ ಗುಡ್ಡೆ, ಕೊಳಚೆ ಸಂಸ್ಕರಣಾ ಘಟಕ ಇದ್ದರೆ ಜನವರಿಯಲ್ಲಿ ನೋಡಲು ಹೋದವರಿಗೆ ವಾಸನೆಯೇ ಬರದಿರಬಹುದು.

ಕುಡಿಯುವ ನೀರು, ಕೊಳಚೆ ನೀರು

ಹಾಸನ ನಗರಕ್ಕೆ ಬರುವುದು ಗೊರೂರಿನ ಹೇಮಾವತಿ ನೀರು. ಹೊಸ ಬಡಾವಣೆಗಳಲ್ಲಿ ಆ ಪೈಪು ಇದೆಯೋ, ಬರೀ ಬೋರ್‌ವೆಲ್ಲೋ ಅನ್ನುವುದರ ಮೇಲೆ ನಿಮ್ಮ ಮುಂದಿನ ಬದುಕೇ ನಿಂತಿದೆ. ಮಾರುವವರು 'ಕಾವೇರಿ-ಹೇಮಾವತಿ ಎಲ್ಲ ಬರುತ್ತೆ ಸಾರ್' ಅನ್ನುತ್ತಾರೆ. ವಾಲ್ವು ತಿರುಗಿಸುವ ನೀರುಗಂಟಿಯನ್ನು ಹಿಡಿದು ಹೀಗೆ ಕೇಳಿ: ಈ ಬೀದಿಗೆ ಎಷ್ಟು ದಿನಕ್ಕೊಂದು ಸಲ ಬಿಡ್ತೀರಿ, ಎಷ್ಟು ಹೊತ್ತು, ಏಪ್ರಿಲ್‌ನಲ್ಲೂ ಹಾಗೇನಾ? ಇವರಷ್ಟು ಸರಿಯಾಗಿ ಇನ್ಯಾರೂ ಹೇಳಲಾರರು.

ನಾಲ್ಕು ಜನರ ಮನೆಗೆ ತಲೆಗೆ 135 ಲೀಟರಿನಂತೆ ದಿನಕ್ಕೆ 540 ಲೀಟರ್ ಬೇಕು. ವಾರಕ್ಕೊಮ್ಮೆ ನೀರು ಬಿಡುವ ಬೀದಿಯಾದರೆ 3,800 ಲೀಟರ್, ಒಂದು ಸರದಿ ತಪ್ಪಿದರೆ ಅದರ ಎರಡರಷ್ಟು. ಒಳಅಳತೆ 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪು ಸುಮಾರು 6,100 ಲೀಟರ್ ಹಿಡಿಯುತ್ತದೆ, ಅಂದರೆ ಹನ್ನೊಂದು ದಿನದ ನೀರು; ಸರದಿ ತಪ್ಪಿದರೆ ಇದೂ ಪೂರ್ತಿ ಸಾಲದು. ಮನೆಯಲ್ಲಿರುವ ಸಂಪು ಇದಕ್ಕಿಂತ ಚಿಕ್ಕದಾದರೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತಾ ಕೂರಬೇಕಾಗುತ್ತದೆ.

ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಡಿ. ಭಾರತೀಯ ಮಾನಕದ ಪ್ರಕಾರ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಚೆನ್ನ, ಬೇರೆ ನೀರೇ ಇಲ್ಲದ ಕಡೆ 2,000 ಗರಿಷ್ಠ. ಗಡಸುತನ 200ರ ಒಳಗಿರಬೇಕು, ಗರಿಷ್ಠ 600. ಫ್ಲೋರೈಡ್ 1 ಮಿಲಿಗ್ರಾಂ, ಗರಿಷ್ಠ 1.5. ನೈಟ್ರೇಟ್ 45 ದಾಟಬಾರದು. ಈ ನೈಟ್ರೇಟ್ ಅನ್ನುವುದು ಗೊಬ್ಬರದಿಂದ ಬರಬಹುದು, ಪಕ್ಕದ ಮನೆಯ ಶೌಚದ ಗುಂಡಿಯಿಂದಲೂ ಬರಬಹುದು.

ಅದಕ್ಕೇ ಯುಜಿಡಿ, ಅಂದರೆ ಒಳಚರಂಡಿಯ ವಿಚಾರ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ. ಇಂಗುಗುಂಡಿಗೂ ಬೋರ್‌ವೆಲ್ಲಿಗೂ ಕನಿಷ್ಠ 15 ಮೀಟರ್ ಅಂತರವಾದರೂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. 30×40 ಸೈಟು ಅಂದರೆ 9 ಮೀಟರಿಗೆ 12 ಮೀಟರ್. ಅಂದಮೇಲೆ ಅಗಲ, ಉದ್ದ ಯಾವ ಕಡೆ ಅಳೆದರೂ 15 ಮೀಟರ್ ಇಲ್ಲ, ಎದುರುಬದುರು ಮೂಲೆಗೆ ತಂದಿಟ್ಟರೆ ಬರೀ ಲೆಕ್ಕಕ್ಕೆ ಸಿಗುತ್ತದೆ. ಪಕ್ಕದವರ ಗುಂಡಿಯಂತೂ ನಿಮ್ಮ ಕೈಯಲ್ಲಿಲ್ಲ. ಯುಜಿಡಿಯೂ ಇಲ್ಲ, ಹೇಮಾವತಿ ಪೈಪೂ ಇಲ್ಲ ಅನ್ನುವ ಕಡೆ 30×40 ಮನೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮಕ್ಕಳಿರುವ ಕುಟುಂಬಕ್ಕೆ ತಕ್ಕದ್ದಲ್ಲ. ಯುಜಿಡಿ ಇದೆ ಅಂದರೆ ಮ್ಯಾನ್‌ಹೋಲ್ ಮುಚ್ಚಳ ಕಂಡರೆ ಸಾಲದು, ಪೈಪು ಮುಖ್ಯ ಲೈನಿಗೆ ಸೇರಿದೆಯೇ ಕೇಳಿ. ಸೇರದೆ ಹಳ್ಳಕ್ಕೆ ಬಿಟ್ಟಿರುವುದೂ ಉಂಟು.

ರಸ್ತೆ, ಕರೆಂಟು

ಟೇಪು ಹಿಡಿದು ಈ ಕಾಂಪೌಂಡಿನಿಂದ ಆ ಕಾಂಪೌಂಡಿಗೆ ರಸ್ತೆ ಅಳೆಯಿರಿ, ನಕ್ಷೆಯ ಅಗಲಕ್ಕೆ ಹೋಲಿಸಿ. 30 ಅಡಿಗೆ ಕಡಿಮೆ ಇದ್ದರೆ, ಎರಡೂ ಬದಿ ಕಾರು ನಿಂತಾಗ ಶಾಲೆಯ ವ್ಯಾನು, ಆಂಬುಲೆನ್ಸು ಒಳಗೆ ಬರುವುದು ಕಷ್ಟ. ರಸ್ತೆ, ಪಾರ್ಕುಗಳನ್ನು ಲೇಔಟು ಮಾಡಿದವರು ನಗರಾಭಿವೃದ್ಧಿ ಪ್ರಾಧಿಕಾರಕ್ಕೋ ಪಂಚಾಯಿತಿಗೋ ಬಿಟ್ಟುಕೊಟ್ಟ ಪತ್ರ ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಗೆ ಡಾಂಬರು ಹಾಕಲು ಯಾರೂ ಬರುವುದಿಲ್ಲ. ನಕ್ಷೆಯಲ್ಲಿ ಪಾರ್ಕು ಅಂತ ಹಸಿರು ಬಳಿದ ಜಾಗಕ್ಕೇ ಹೋಗಿ ನಿಲ್ಲಿ. ಅಲ್ಲಿ ಮನೆ ಎದ್ದಿದ್ದರೆ ಆ ಲೇಔಟಿನ ಉಳಿದ ಕಾಗದವನ್ನೂ ಅದೇ ಅನುಮಾನದಿಂದ ಓದಿ.

ಹೈಟೆನ್ಷನ್ ಲೈನಿನ ಕೆಳಗಿನ ಪಟ್ಟಿಯಲ್ಲಿ ಕಟ್ಟುವಂತಿಲ್ಲ: 66 ಕೆ.ವಿ.ಗೆ ಎರಡೂ ಬದಿ ಸೇರಿ 18 ಮೀಟರ್, 220 ಕೆ.ವಿ.ಗೆ 35 ಮೀಟರ್. ಸೆಸ್ಕ್ ಟ್ರಾನ್ಸ್‌ಫಾರ್ಮರ್ (ವಿದ್ಯುತ್ ನಿಗಮದ್ದು) ಬೀದಿಗೆ ಸಾಕಾಗುತ್ತಿದೆಯೇ ನೋಡಲು ಸಂಜೆ 7ರ ಮೇಲೆ ಯಾವುದಾದರೂ ಮನೆಯ ಸ್ಟೆಬಿಲೈಸರ್ ಮೇಲಿನ ಒಳಬರುವ ವೋಲ್ಟೇಜಿನ (ಇನ್‌ಪುಟ್) ಅಂಕಿ ನೋಡಿ. 230ರ ಬದಲು 200ಕ್ಕಿಂತ ಕೆಳಗಿಳಿದಿದ್ದರೆ ನೀರಿನ ಮೋಟಾರು ಸುಟ್ಟುಹೋಗಬಹುದು.

ಕಾಗದ

ಮೊದಲು ಆಸ್ತಿ ಯಾರ ವ್ಯಾಪ್ತಿಗೆ ಬರುತ್ತದೆ ತಿಳಿಯಿರಿ. ನಗರಾಡಳಿತದ ವ್ಯಾಪ್ತಿಯಾದರೆ ಇ-ಖಾತಾ ಬೇಕು, ಅದು ಎ ಖಾತಾವೋ ಬಿ ಖಾತಾವೋ ನೋಡಿ. ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ. 11ಬಿ ಅಥವಾ ಬಿ ಖಾತಾ ಅಂದರೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಬಡಾವಣೆಗೆ ಅನುಮೋದನೆ ಇದೆ ಅಂತ ಅರ್ಥವಲ್ಲ. ಬ್ಯಾಂಕುಗಳು ಇಂಥವಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಮುಂದೆ ನಿಮ್ಮಿಂದ ಕೊಳ್ಳುವವರಿಗೂ ಅದೇ ತೊಡಕು, ಆದ್ದರಿಂದ ನಿಮಗೆ ಸಿಕ್ಕ ರಿಯಾಯಿತಿ ಮಾರುವಾಗ ವಾಪಸು ಹೋಗುತ್ತದೆ.

ಕೇಳಬೇಕಾದ ಮೂಲ ಕಾಗದಗಳು: ಭೂಪರಿವರ್ತನೆ ಆದೇಶ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸಿದ್ದು), ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದಿತ ನಕ್ಷೆ, ಸೈಟು ಬಿಡುಗಡೆ ಪತ್ರ. ಜನ ಈ ಕೊನೆಯದನ್ನು ಮರೆಯುತ್ತಾರೆ. ನಕ್ಷೆಗೆ ಅನುಮೋದನೆ ಸಿಕ್ಕರೂ ರಸ್ತೆ, ಚರಂಡಿ, ನೀರಿನ ಕೆಲಸ ಮುಗಿದಂತೆ ಹಂತಹಂತವಾಗಿ ಸೈಟು ಬಿಡುಗಡೆ ಮಾಡುತ್ತಾರೆ. ನಿಮ್ಮ ಸೈಟಿನ ನಂಬರು ಆ ಪತ್ರದಲ್ಲಿ ಇರಬೇಕು. ಹೊಸ ಲೇಔಟು 500 ಚದರ ಮೀಟರಿಗಿಂತ ದೊಡ್ಡದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು, ರೇರಾ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ನೋಡಬಹುದು.

ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, 30 ವರ್ಷಕ್ಕೆ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ 2004ರಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಸೈಟ್ ನಂಬರಿನ ಇಸಿ ಮಾತ್ರ ತೆಗೆಸುತ್ತಾರೆ. ಸೈಟಾಗುವ ಮುಂಚಿನ ಅಡಮಾನ, ಭಾಗ, ಕ್ರಯ ಎಲ್ಲ ಸರ್ವೆ ನಂಬರಿನ ಹೆಸರಲ್ಲಿ ಇರುತ್ತವೆ. ಎರಡರ ಇಸಿಯೂ ಬೇಕು.

ಪಹಣಿಯ 11ನೇ ಕಾಲಂ ಓದಿ, ಬೇರೆಯವರ ಹಕ್ಕು, ಋಣ ಅಲ್ಲಿರುತ್ತದೆ. ಜಮೀನು ಹಿಂದೆ ಸರ್ಕಾರದಿಂದ ಮಂಜೂರಾಗಿದ್ದೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ ಇಂಥ ಜಮೀನು ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಹಾಗಾಗಿ 'ಮೂವತ್ತು ವರ್ಷ ಆಯ್ತು, ಏನೂ ಆಗಲ್ಲ' ಅನ್ನುವ ಭರವಸೆಗೆ ಬೆಲೆಯಿಲ್ಲ. ಪಿತ್ರಾರ್ಜಿತವಾದರೆ ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳ ಸಹಿ ಬಿದ್ದಿದೆಯೇ ಎಣಿಸಿ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಮದುವೆಯಾಗಿ ಹೋದ ತಂಗಿಯೊಬ್ಬಳು ಸಹಿ ಹಾಕಿಲ್ಲದಿದ್ದರೆ ಮನೆ ಕೊಂಡವರು ಕೋರ್ಟಿಗೆ ಅಲೆಯಬೇಕು.

ವಕೀಲರ ಅಭಿಪ್ರಾಯ ಮಾರುವವರ ಕಡೆಯದಾಗಬಾರದು. ಕೈಯಲ್ಲಿ ಪೂರ್ತಿ ದುಡ್ಡಿದ್ದರೂ ಸ್ವಲ್ಪವಾದರೂ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವುದು ಒಳ್ಳೇದು. ಬ್ಯಾಂಕಿನ ವಕೀಲರು, ಎಂಜಿನಿಯರು ಬೇರೆಬೇರೆಯಾಗಿ ಬಂದು ನೋಡುತ್ತಾರೆ. ಅವರು ಬೇಡ ಅಂದ ಆಸ್ತಿ ನಿಮಗೂ ಬೇಡ.

ಕೊನೆಗೆ ಮನೆ

ಕಟ್ಟಿದ ಮನೆಯ ಪಶ್ಚಿಮ, ನೈಋತ್ಯದ ಗೋಡೆಗಳನ್ನು ಒಳಗಿನಿಂದ ಕೈಯಿಟ್ಟು ನೋಡಿ, ಮುಂಗಾರಿನ ಇರಚಲು ಹೊಡೆಯುವುದು ಅಲ್ಲಿಗೇ. ಬಣ್ಣ ನೆಲದಿಂದ ಎರಡು ಮೂರು ಅಡಿಯವರೆಗೆ ಎದ್ದಿದ್ದರೆ ತೇವ ಪಾಯದಿಂದ ಏರುತ್ತಿದೆ, ಅದರ ರಿಪೇರಿ ಕಷ್ಟ. ಚಾವಣಿ ಹತ್ತಿರ ಎದ್ದಿದ್ದರೆ ಮೇಲಿನ ಪ್ಯಾರಪೆಟ್ಟು, ನೀರಿನ ಕೊಳವೆ ಸೋರುತ್ತಿದೆ, ಅದು ಸರಿಹೋಗುತ್ತದೆ. ಕಟ್ಟಡದ ಮಂಜೂರಾತಿ ನಕ್ಷೆ ತಂದು ಸುತ್ತ ಬಿಟ್ಟ ಜಾಗ ಹೋಲಿಸಿ.

ಖರ್ಚು ಲೆಕ್ಕ ಹಾಕುವಾಗ ನೋಂದಣಿಯನ್ನು ಮರೆಯಬೇಡಿ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು-ಸರ್‌ಚಾರ್ಜು ಸೇರಿ ನಗರದಲ್ಲಿ 5.6%, ಹಳ್ಳಿ ವ್ಯಾಪ್ತಿಯಲ್ಲಿ 5.65%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2%. ಅಂದರೆ ನಗರದಲ್ಲಿ 60 ಲಕ್ಷದ ಮನೆಗೆ 4,56,000 ರೂಪಾಯಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು, ಅದನ್ನು ಮಾರುವವರಿಗೆ ಕೊಡುವ ಹಣದಲ್ಲೇ ಕಳೆಯಿರಿ. ಮುಂಗಡವನ್ನು ನಗದಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ: ಕಾಗದದಲ್ಲಿ ದೋಷ ಕಂಡರೆ ಇಂತಿಷ್ಟು ದಿನದೊಳಗೆ ಮುಂಗಡ ಪೂರ್ತಿ ವಾಪಸು.

ರಿಜಿಸ್ಟ್ರಿ ಆದ ವಾರದಲ್ಲೇ ಖಾತಾ ಬದಲಾವಣೆ, ಸೆಸ್ಕ್ ಮೀಟರು, ನೀರಿನ ಸಂಪರ್ಕ ಮೂರನ್ನೂ ನಿಮ್ಮ ಹೆಸರಿಗೆ ಅರ್ಜಿ ಹಾಕಿ, ಹಳೆಯ ಬಾಕಿ ಇಲ್ಲವೆಂಬ ರಸೀದಿಗಳನ್ನು ಮಾರಿದವರಿಂದ ಅಂದೇ ಇಸಿದುಕೊಳ್ಳಿ.